ಬ್ರೇಕ್ ಬಿಟ್ಟಾಯ್ತು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ವಿಮಾನವನ್ನು ಹಿಂದಕ್ಕೆ ತಳ್ಳಿಸುವ ಕೆಲಸದಲ್ಲಿದ್ದರು. ಕೇಳಿದವರು ಮೊದಲು ನಗುತ್ತಾರೆ, ಅಷ್ಟು ದೊಡ್ಡ ವಿಮಾನಕ್ಕೆ ತಾನೇ ಹಿಂದೆ ಸರಿಯಲು ಬರುವುದಿಲ್ಲವೇ ಎನ್ನುತ್ತಾರೆ. ಬರುವುದಿಲ್ಲ. ಕಟ್ಟಡಕ್ಕೆ ಮುಖ ಮಾಡಿ ನಿಂತ ವಿಮಾನವನ್ನು ಒಂದು ಟ್ರಾಕ್ಟರು ಮೂತಿ ಹಿಡಿದು ಹಿಂದಕ್ಕೆ ನೂಕಬೇಕು. ಆ ಟ್ರಾಕ್ಟರಿನ ಪಕ್ಕದಲ್ಲಿ, ಕಿವಿಗೆ ಎರಡು ಬಟ್ಟಲು ಕವುಚಿಕೊಂಡು, ವಿಮಾನದ ಮೂತಿಗೆ ಸಿಕ್ಕಿಸಿದ ವೈರು ಹಿಡಿದು ಒಬ್ಬ ನಡೆಯುತ್ತಾನಲ್ಲ, ಅವರೇ ನಮ್ಮ ಭಾವ. ಒಳಗೆ ಕೂತ ಪೈಲಟ್ಟಿಗೆ ಹಿಂದೇನಿದೆ ಎಂದು ಕಾಣುವುದಿಲ್ಲ. ನೆಲದ ಮೇಲೆ ಅವನ ಕಣ್ಣು, ಕಿವಿ ಎರಡೂ ಈ ಮನುಷ್ಯನೇ. ಈ ಮಾತನ್ನು ಭಾವ ನನ್ನ ಮದುವೆಯ ಮಾತುಕತೆಯ ಮಧ್ಯದಲ್ಲೂ ತಂದು ತುರುಕಿದ್ದರು.

ಆ ವೈರಿನಲ್ಲಿ ಪೈಲಟ್ಟಿಗೂ ಭಾವನಿಗೂ ನಡೆಯುವ ಮಾತು ಪ್ರತಿಸಲವೂ ಒಂದೇ. ನೆಲದವರಿಗೆ ಕೇಳಿಸ್ತಿದೆಯಾ ಎಂದು ಪೈಲಟ್ ಕೇಳಬೇಕು, ಸ್ಪಷ್ಟವಾಗಿ ಎಂದು ಭಾವ ಹೇಳಬೇಕು. ಆಮೇಲೆ ಬಾಗಿಲುಗಳ ಮಾತು. ಆಮೇಲೆ ವಿಮಾನಗಳ ಓಡಾಟ ನೋಡಿಕೊಳ್ಳುವ ಗೋಪುರದವರ ಅನುಮತಿಯ ಮಾತು. ಎಲ್ಲ ಮುಗಿದ ಮೇಲೆ ಕಡೆಯದಾಗಿ ಪೈಲಟ್ "ಬ್ರೇಕ್ ಬಿಟ್ಟಾಯ್ತು" ಅನ್ನುತ್ತಾನೆ. ಅದು ಕಿವಿಗೆ ಬಿದ್ದ ಕೂಡಲೆ ಭಾವ ಟ್ರಾಕ್ಟರಿನವನಿಗೆ ಕೈಯೆತ್ತಿ ತೋರಿಸಿ, "ತಳ್ತಿದ್ದೀವಿ" ಎಂದು ಒಳಗಿನವನಿಗೆ ತಿಳಿಸಿ ಹೆಜ್ಜೆ ಹಾಕುತ್ತಾರೆ. ಇದನ್ನು ಅವರು ಅದೇ ರಾಗದಲ್ಲಿ, ಅದೇ ನಿಧಾನದಲ್ಲಿ, ಅರ್ಧ ಆಯುಷ್ಯ ಹೇಳಿದ್ದರು. ಹಾಗಾಗಿ ಜೊತೆಯವರು ಅವರನ್ನು ಗಿಳಿ ಎಂದು ಕರೆಯುತ್ತಿದ್ದರು. ಭಾವನಿಗೆ ಆ ಹೆಸರಿನ ಬಗ್ಗೆ ಬೇಸರವಿರಲಿಲ್ಲ, ಒಳಗೊಳಗೇ ಖುಷಿಯೇ ಇತ್ತು.

ನಾನು ಅಲ್ಲೇ ನೌಕರರ ಕ್ಯಾಂಟೀನಿನಲ್ಲಿ ಚಹಾ ಕೊಡುವವಳು. ನನ್ನ ಕಟ್ಟೆಯ ಎದುರಿಗೆ ಗೋಡೆಯುದ್ದಕ್ಕೂ ಗಾಜು. ಗಾಜಿನ ಆಚೆ ವಿಮಾನ ನಿಲ್ಲುವ ಅಂಗಳ. ಬಿಸಿಲಿಗೆ ಕಾಂಕ್ರೀಟು ಕಣ್ಣು ಚುಚ್ಚುತ್ತಿರುತ್ತದೆ, ಎಣ್ಣೆಯ ವಾಸನೆ ಸಕ್ಕರೆ ಡಬ್ಬಿಯೊಳಗೂ ಹೊಕ್ಕಿರುತ್ತದೆ. ಪೈಲಟ್ಟುಗಳು ಇಲ್ಲಿಗೆ ಬರುವುದಿಲ್ಲ. ಪೆಟ್ಟಿಗೆ ಹೊರುವವರು, ಎಣ್ಣೆ ತುಂಬುವವರು, ಗುಡಿಸುವವರು, ತಳ್ಳುವವರು ಬರುತ್ತಾರೆ. ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂಬುದು ನನಗೆ ಗೊತ್ತಿರುವಷ್ಟು ಅವರ ಹೆಂಡಿರಿಗೂ ಗೊತ್ತಿರಲಿಕ್ಕಿಲ್ಲ.

ಕ್ಯಾಂಟೀನಿನಲ್ಲಿ ಎರಡು ಪಕ್ಷ. ಫ್ಯಾನಿನ ಕೆಳಗಿನ ಮೇಜು ದೊಡ್ಡ ಕಂಪನಿಯವರದು. ಭಾವ ಅಲ್ಲಿಯವರು. ಅವರು ಕೂತು, ಚಹಾ ಆರಿಸಿಕೊಂಡು, ಬಟ್ಟಲು ಕೆಳಗಿಟ್ಟು ಮಾತಾಡುವವರು. ಬಾಗಿಲ ಹತ್ತಿರ ನಿಂತೇ ಕುಡಿದು, ಅರ್ಧ ಲೋಟ ಬಿಟ್ಟು ಓಡುವವರು ಅಗ್ಗದ ಕಂಪನಿಯವರು. ನನ್ನ ಯಜಮಾನರು ಆ ಗುಂಪಿನವರು. ಪೆಟ್ಟಿಗೆ ಹೊರುತ್ತ ಸೇರಿ ಮೇಲ್ವಿಚಾರಕರಾದವರು. ಎಲ್ಲಿ ನಿಂತರೂ ಕೈಗಡಿಯಾರ ನೋಡುವ ಚಾಳಿ ಅವರಿಗೆ, ಅದಕ್ಕೇ ಅಂಗಳದಲ್ಲಿ ಅವರ ಹೆಸರು ನಿಮಿಷ. ನನ್ನನ್ನು ನಿಮಿಷನ ಹೆಂಡತಿ ಎಂದು ಕರೆಯಲು ಹೋಗಿ ಒಬ್ಬ ನನ್ನಿಂದ ಸರಿಯಾಗಿ ಉಗಿಸಿಕೊಂಡಿದ್ದ.

ಒಂದೇ ಮನೆಯ ಇಬ್ಬರು ಅಳಿಯಂದಿರು, ಷಡ್ಡಕರು, ಎದುರು ಬದುರು ಕಂಪನಿ. ಹೇಳಬೇಕೇ? ಅಮ್ಮನ ಮನೆಯಲ್ಲಿ ಊಟಕ್ಕೆ ಸೇರಿದರೆ ಅಮ್ಮ ಇಬ್ಬರನ್ನೂ ಸಾಲಿನ ಎರಡು ತುದಿಯಲ್ಲಿ ಕೂರಿಸುತ್ತಿದ್ದಳು. ಆದರೂ ಮಾತು ನಮ್ಮೆಲ್ಲರ ತಟ್ಟೆಗಳ ಮೇಲಿಂದ ಹಾರಾಡುತ್ತಿತ್ತು. ನಿಮ್ಮದು ವಿಮಾನ ಅಲ್ಲಪ್ಪ, ರೆಕ್ಕೆಯಿರುವ ಬಸ್ಸು ಎಂದು ಭಾವ ಕೆಣಕುವರು. ಬಸ್ಸೇ ಸರಿ, ತುಂಬಿದ ಬಸ್ಸು, ನಿಮ್ಮದು ಖಾಲಿ ಪಲ್ಲಕ್ಕಿ ಎಂದು ಇವರು ತಿರುಗಿಸುವರು. ನಿಂತ ವಿಮಾನ ಗೊಡ್ಡು ಎಮ್ಮೆಯ ಹಾಗೆ, ಮೇವು ತಿನ್ನುತ್ತದೆ, ಹಾಲು ಕೊಡುವುದಿಲ್ಲ ಎಂಬುದು ಇವರ ಮುಖ್ಯ ವಾದ. ವಿಮಾನ ಬಂದು ಇಳಿಯಬೇಕು, ಒಂದು ಕಡೆ ಜನ ಇಳಿಯುತ್ತಿರಬೇಕು, ಇನ್ನೊಂದು ಕಡೆ ಪೆಟ್ಟಿಗೆ ಏರುತ್ತಿರಬೇಕು, ಮತ್ತೆ ಹಾರಬೇಕು. ಊಟ ಕೊಡಬಾರದು, ನೀರಿಗೂ ದುಡ್ಡು ತೆಗೆದುಕೊಳ್ಳಬೇಕು, ಒಬ್ಬನ ಕೈಯಲ್ಲಿ ಮೂವರ ಕೆಲಸ ಮಾಡಿಸಬೇಕು. ಆಗ ಟಿಕೆಟ್ಟು ಅಗ್ಗವಾಗುತ್ತದೆ.

ಭಾವ ಬಾಯಿಯ ತುತ್ತು ನುಂಗಿ, ಆ ಮೂವರಲ್ಲಿ ಮನೆಗೆ ಹೋದ ಇಬ್ಬರು ಏನು ಮಾಡ್ತಿದ್ದಾರೆ ಎಂದು ಕೇಳುವರು. ನಮ್ಮಲ್ಲಿ ರೆಕ್ಕೆಗೊಬ್ಬ ನಿಲ್ಲುತ್ತಾನೆ, ಎಡಕ್ಕೊಬ್ಬ, ಬಲಕ್ಕೊಬ್ಬ, ಇಬ್ಬರೂ ಕೈ ಎತ್ತದೆ ನಾನು ವಿಮಾನ ಅಲ್ಲಾಡಿಸುವುದಿಲ್ಲ, ನಿಮ್ಮಲ್ಲಿ ಒಬ್ಬನೇ, ಇನ್ನೊಂದು ರೆಕ್ಕೆಯನ್ನು ದೇವರಿಗೆ ಬಿಟ್ಟಿದ್ದೀರಾ ಎನ್ನುವರು. ಇವರ ಬಳಿ ಅದಕ್ಕೂ ಉತ್ತರವಿರುತ್ತಿತ್ತು. ನನ್ನ ಕೇಳಿದರೆ ಇಬ್ಬರ ಮಾತಿನಲ್ಲೂ ಹುರುಳಿತ್ತು. ಅಮ್ಮ ಬದುಕಿನಲ್ಲಿ ಮೊದಲ ಸಲ ವಿಮಾನ ಹತ್ತಿದ್ದು ಅಗ್ಗದ ಕಂಪನಿಯಿಂದಲೇ. ಭಾವನ ಕಂಪನಿ ನೌಕರರ ಮನೆಯವರಿಗೆ ಪುಕ್ಕಟೆ ಟಿಕೆಟ್ಟು ಕೊಡುತ್ತಿತ್ತು ನಿಜ, ಆದರೆ ಅಮ್ಮ ಪೆಟ್ಟಿಗೆ ಕಟ್ಟಿಕೊಂಡು ಹೋದಾಗಲೆಲ್ಲ ಸೀಟು ಇಲ್ಲವೆಂದು ವಾಪಸು ಬರುತ್ತಿದ್ದಳು.

ಮೊದಮೊದಲು ಇದೆಲ್ಲ ತಮಾಷೆಯೇ. ಅಕ್ಕ ನಾನು ಅಡುಗೆಮನೆಯಲ್ಲಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದೆವು. ಆಮೇಲಾಮೇಲೆ ದೊಡ್ಡ ಕಂಪನಿಯ ವಿಮಾನಗಳು ಅರ್ಧ ತುಂಬಿ ಹೊರಡತೊಡಗಿದವು. ಫ್ಯಾನಿನ ಕೆಳಗಿನವರು ಮೆಲ್ಲಗೆ ಮಾತಾಡತೊಡಗಿದರು. ಮೊದಲು ಅವರಿಗೆ ಹೊಸ ಬೂಟು ಬರುವುದು ನಿಂತಿತು, ಆಮೇಲೆ ಹೆಚ್ಚಿನ ಪಾಳಿಯ ಭತ್ಯೆ ನಿಂತಿತು. ಅಗ್ಗದವರು ಬಾಗಿಲಲ್ಲಿ ನಿಂತು ಕಿಸಕ್ಕನೆ ನಗುವಾಗ ಭಾವ ಈಗ ತಿರುಗಿ ನೋಡುತ್ತಿರಲಿಲ್ಲ. ಅವಮಾನವೆಂದು ಸುಮ್ಮನಿದ್ದಾರೆ ಎಂದುಕೊಂಡು ಅವರ ಬಟ್ಟಲಿಗೆ ಇನ್ನಷ್ಟು ಚಹಾ ಸುರಿಯುತ್ತಿದ್ದೆ.

ಕಡೆಗೆ ಒಂದು ದಿನ ದೊಡ್ಡ ಕಂಪನಿ ಕೈಚೆಲ್ಲಿತು. ಇನ್ನು ಮುಂದೆ ಅದರ ವಿಮಾನ ಮಾತ್ರ ಅದರದು, ನೆಲದ ಕೆಲಸವೆಲ್ಲ ಅಗ್ಗದ ಕಂಪನಿಯ ಗುತ್ತಿಗೆ. ಬೇಕಾದವರು ಕಡಿಮೆ ಸಂಬಳಕ್ಕೆ ಅಲ್ಲಿ ಸೇರಬಹುದು, ಬೇಡದವರು ಮನೆಗೆ. ಫ್ಯಾನಿನ ಮೇಜಿನ ಬಹಳಷ್ಟು ಜನ ಮನೆಗೆ ಹೋದರು. ಭಾವನಿಗೆ ಮಗಳ ಓದು ಮುಗಿದಿರಲಿಲ್ಲ, ಪಿಂಚಣಿಗೆ ಇನ್ನೂ ಸ್ವಲ್ಪ ಬಾಕಿಯಿತ್ತು. ಅವರು ಹಳೆಯ ನೀಲಿ ಅಂಗಿ ಕಳಚಿಟ್ಟು ಹಳದಿ ಅಂಗಿ ತೊಟ್ಟರು. ಅವರ ತಂಡದ ಮೇಲ್ವಿಚಾರಕರು ನನ್ನ ಯಜಮಾನರು.

ಆವತ್ತು ಮನೆಗೆ ಬಂದ ಇವರು ಬೂಟು ಬಿಚ್ಚುತ್ತ, "ಭಾವನ್ನ ನಾನು ನೋಡ್ಕೊಳ್ತೀನಿ ಬಿಡು" ಅಂದರು. ನಮ್ಮ ಭಾಷೆಯಲ್ಲಿ ಆ ಮಾತಿಗೆ ಎರಡರ್ಥ. ಯಾವ ಅರ್ಥದಲ್ಲಿ ಅಂದರು ಎಂದು ಅವರ ಮುಖ ನೋಡಿದೆ. ಅವರು ಬೂಟನ್ನೇ ನೋಡುತ್ತಿದ್ದರು.

ಹೊಸ ಕಡೆಯಲ್ಲಿ ಭಾವನಿಗೆ ಮೊದಲು ಗಂಟಲಲ್ಲಿ ಸಿಕ್ಕಿಕೊಂಡದ್ದು ಬ್ರೇಕಿನ ವಿಷಯ. ವಿಮಾನ ಎಷ್ಟು ಹೊತ್ತಿಗೆ ಹೊರಟಿತು ಎಂಬುದನ್ನು ಯಾರೂ ಕಣ್ಣಿಂದ ನೋಡಿ ಬರೆಯುವುದಿಲ್ಲ. ಪೈಲಟ್ ಬ್ರೇಕ್ ಬಿಟ್ಟ ಗಳಿಗೆಯನ್ನು ಯಂತ್ರವೇ ಕಂಪನಿಗೆ ಕಳಿಸುತ್ತದೆ, ಅದೇ ಹೊರಟ ಹೊತ್ತು. ಇದರಲ್ಲಿ ಒಂದು ಸಂದು ಇರುವುದನ್ನು ಇವರು ಕಂಡುಹಿಡಿದಿದ್ದರು. ಪೆಟ್ಟಿಗೆ ಏರುವುದು ಇನ್ನೂ ಬಾಕಿ ಇರಲಿ, ಹೊತ್ತಾಗುತ್ತಿದ್ದ ಹಾಗೆ ಪೈಲಟ್ಟಿಗೆ ಹೇಳಿ ಬ್ರೇಕ್ ಬಿಡಿಸುವುದು. ಮೂತಿಯ ಚಕ್ರವನ್ನು ಟ್ರಾಕ್ಟರು ಕಚ್ಚಿಕೊಂಡಿರುತ್ತದಲ್ಲ, ವಿಮಾನ ಎಲ್ಲಿಗೂ ಹೋಗುವುದಿಲ್ಲ. ಯಂತ್ರದ ಲೆಕ್ಕದಲ್ಲಿ ಅದು ಸಮಯಕ್ಕೆ ಸರಿಯಾಗಿ ಹೊರಟಿರುತ್ತದೆ. ಆಮೇಲೆ ಉಳಿದ ಕೆಲಸ ಮುಗಿಸಿ ನಿಜವಾಗಿ ತಳ್ಳಿದರಾಯಿತು. ಹೀಗಾಗಿ ಅಗ್ಗದ ಕಂಪನಿಯ ಪೈಲಟ್ಟುಗಳು "ಬ್ರೇಕ್ ಬಿಟ್ಟಾಯ್ತು" ಎಂದ ಬೆನ್ನಿಗೇ ಇನ್ನೊಂದು ಮಾತು ಸೇರಿಸುತ್ತಿದ್ದರು, "ತಳ್ಳಬೇಡಿ, ಇರಿ" ಎಂದು. ಆಗೆಲ್ಲ ಇವರು ಭಾವನ ಎದುರಿಗೆ ಬಂದು ಕೈ ಅಡ್ಡ ಹಿಡಿದು ತಡೆಯುತ್ತಿದ್ದರು.

ಭಾವನಿಗೆ ಮೈಯೆಲ್ಲ ಉರಿಯಿತು. ಅವರ ಪಾಲಿಗೆ ಬ್ರೇಕ್ ಬಿಟ್ಟಾಯ್ತು ಎಂದರೆ ಎಲ್ಲ ಮುಗಿದಿದೆ, ನಡೆ ಎಂದರ್ಥ. ಆ ಮಾತು ಬಂದ ಮೇಲೂ ಕಾಯುವುದೆಂದರೆ ಏನೆಂದು ನನ್ನ ಕಟ್ಟೆಗೆ ಬಂದು ಗೊಣಗಿದರು. ಅದು ಸುಳ್ಳು ಲೆಕ್ಕ, ಒಂದಲ್ಲ ಒಂದು ದಿನ ಯಾರನ್ನಾದರೂ ತಿನ್ನುತ್ತದೆ ಎಂದರು. ನಾನು ಚಹಾ ಮುಂದಿಟ್ಟು, ಇವರಿಗೆ ಹೇಳುತ್ತೇನೆ ಎಂದೆ. ಭಾವ ನನ್ನ ತುಟಿಯನ್ನೇ ನೋಡುತ್ತ ನಿಂತಿದ್ದು ಆಗ ನನಗೆ ವಿಚಿತ್ರ ಅನ್ನಿಸಲಿಲ್ಲ.

ಅದು ಅರ್ಥವಾದದ್ದು ಅಕ್ಕನ ಮನೆಯಲ್ಲಿ. ಒಣಗಿದ ಬಟ್ಟೆ ಮಡಚುತ್ತ ಕೂತಿದ್ದೆವು. ಒಳಕೋಣೆಯಲ್ಲಿ ಟಿವಿ ಕೂಗಿಕೊಳ್ಳುತ್ತಿತ್ತು. ಸ್ವಲ್ಪ ತಗ್ಗಿಸಬಾರದಾ ಎಂದೆ. ಅಕ್ಕ ಭಾವನ ಅಂಗಿಯ ತೋಳು ನೀವುತ್ತ, ತಗ್ಗಿಸಿದರೆ ಅವರಿಗೆ ಕೇಳಿಸುವುದಿಲ್ಲ ಎಂದಳು. ಎಷ್ಟು ಕೇಳಿಸುವುದಿಲ್ಲ ಎಂದು ಕೇಳಿದೆ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯಲ್ಲಿ ಗದ್ದಲ ಗದ್ದಲವಾಗಿ ಏನೋ ಬರುತ್ತದೆ, ಎದುರಿಗೆ ನಿಂತು ಹೇಳಿದರೆ ತುಟಿ ಓದಿಕೊಳ್ಳುತ್ತಾರೆ ಎಂದಳು. ಎಂಜಿನ್ನಿನ ಕೆಳಗೆ ಅಷ್ಟು ವರ್ಷ ನಡೆದ ಕಿವಿ, ಇನ್ನೇನಾಗುತ್ತದೆ. ಹಾಗಾದರೆ ಪೈಲಟ್ ಹೇಳುವುದು? ಅಕ್ಕ ನನ್ನ ಮುಖ ನೋಡದೆ ಹೇಳಿದಳು, "ಅದು ಯಾವಾಗ್ಲೂ ಒಂದೇ ಮಾತಲ್ವಾ. ಮೊದಲ್ನೇದು ಬಂದಾಗ ಮೊದಲ್ನೇ ಉತ್ತರ, ಎರಡನೇದಕ್ಕೆ ಎರಡನೇದು. ಸದ್ದು ಬಂದಿದ್ದು ಗೊತ್ತಾದ್ರೆ ಸಾಕು ಅವರಿಗೆ."

ದೊಡ್ಡ ಕಂಪನಿಯಲ್ಲಿ ವರ್ಷಕ್ಕೊಮ್ಮೆ ಕಿವಿ ಪರೀಕ್ಷೆಯಿತ್ತಂತೆ. ವಯಸ್ಸಾದ ಡಾಕ್ಟರು ಬೆನ್ನ ಹಿಂದೆ ನಿಂತು ಪ್ರತಿವರ್ಷವೂ ಅವೇ ನಾಲ್ಕು ಶಬ್ದ ಪಿಸುಗುಟ್ಟುತ್ತಿದ್ದರು, ಭಾವ ಅವನ್ನೂ ಕ್ರಮವಾಗಿ ಒಪ್ಪಿಸಿ ಪಾಸಾಗುತ್ತಿದ್ದರು. ಹೊಸ ಕಂಪನಿಯಲ್ಲಿ ಪರೀಕ್ಷೆಯೇ ಇಲ್ಲ, ಅದಕ್ಕೂ ಖರ್ಚು. ಅಕ್ಕ ನನ್ನ ಕೈ ಹಿಡಿದುಕೊಂಡು, ಪಿಂಚಣಿ ಸಿಗುವ ತನಕ ಬಾಯಿಬಿಡಬೇಡ ಎಂದಳು. ನಾನು ಮಾತು ಕೊಡದೆ, ಮಡಚಿದ ಬಟ್ಟೆ ಎತ್ತಿಟ್ಟು ಎದ್ದು ಬಂದೆ.

ಮರುದಿನ ಕ್ಯಾಂಟೀನಿನಲ್ಲಿ ಭಾವ ಗಾಜಿನ ಕಡೆ ಮುಖ ಮಾಡಿ ಕೂತಿದ್ದರು. ನಾನು ಬಟ್ಟೆ ಹಿಡಿದು ಮೇಜು ಒರೆಸುವ ನೆಪದಲ್ಲಿ ಅವರ ಬೆನ್ನ ಹಿಂದೆ ಹೋಗಿ ನಿಂತೆ. ಮೆಲ್ಲಗೆ ಭಾವ ಅಂದೆ. ಸ್ವಲ್ಪ ಜೋರಾಗಿ ಅಂದೆ. ಆಚೆ ಮೇಜಿನವರು ಕತ್ತೆತ್ತುವಷ್ಟು ಜೋರಾಗಿ ಅಂದೆ. ಭಾವ ಬಟ್ಟಲು ತುಟಿಗಿಟ್ಟುಕೊಂಡು ಅಂಗಳವನ್ನೇ ನೋಡುತ್ತಿದ್ದರು. ಆಮೇಲೆ ಗಾಜಿನಲ್ಲಿ ನನ್ನ ಬಿಂಬ ಕಂಡು ತಿರುಗಿ, "ಏನಮ್ಮ, ಕರೀಬಾರ್ದಾ?" ಎಂದು ನಕ್ಕರು. ಹೆದರಿಕೆ ಅಂದರೆ ಏನೆಂದು ನನಗೆ ಆವತ್ತು ತಿಳಿಯಿತು.

ಮನೆಗೆ ಬಂದವಳೇ ಇವರಿಗೆ ಹೇಳಿಬಿಟ್ಟೆ. ಅಕ್ಕನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಆ ಟ್ರಾಕ್ಟರಿನ ಸುತ್ತ ಓಡಾಡುವವರಿಗೂ ಹೆಂಡಿರು ಮಕ್ಕಳು ಇದ್ದಾರೆ, ನಾನೇ ದಿನಾ ಅವರಿಗೆ ಚಹಾ ಕೊಡುವವಳು. ಇವರು ಕಿಟಕಿಯ ಬಳಿ ಉಗುರು ಕತ್ತರಿಸಿಕೊಳ್ಳುತ್ತ ಕೂತಿದ್ದರು. ನಾನು ಮುಗಿಸುವ ತನಕ ಕತ್ತರಿ ನಿಲ್ಲಲಿಲ್ಲ.

"ಗೊತ್ತು" ಅಂದರು.

ಎಂದಿನಿಂದ ಎಂದು ಕೇಳಿದೆ. ಸೇರಿದ ವಾರದಲ್ಲೇ ಗೊತ್ತಾಯಿತಂತೆ. ಒಮ್ಮೆ ಹಿಂದಿನಿಂದ ಕೂಗಿದ್ದಾರೆ, ತಿರುಗಲಿಲ್ಲ. ಆಮೇಲೆ ಬೇಕೆಂದೇ ಇನ್ನೊಮ್ಮೆ ಪರೀಕ್ಷೆ ಮಾಡಿದ್ದಾರೆ. ಗೊತ್ತಿದ್ದೂ ಕಿವಿಯ ಕೆಲಸಕ್ಕೆ ಹಾಕಿದ್ದೀರಾ ಎಂದು ನಾನು ದನಿಯೆತ್ತಿದೆ. ಇವರು ಶಾಂತವಾಗಿ ಉಗುರುಗಳನ್ನು ಒಟ್ಟುಮಾಡುತ್ತ ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. "ಬೇರೆಯವರು ಪೈಲಟ್ ಹೇಳಿದ್ದನ್ನ ಪೂರ್ತಿ ಕೇಳಿ, ಯೋಚ್ನೆ ಮಾಡಿ, ಆಮೇಲೆ ಕೈ ಎತ್ತುತ್ತಾರೆ. ಭಾವ ಕೇಳೋದೇ ಇಲ್ಲ. ಬಾಯಿ ತೆರೆಯೋದ್ರೊಳಗೆ ಉತ್ತರ ರೆಡಿ. ನನ್ನ ತಂಡದಲ್ಲಿ ಅವರಷ್ಟು ಬೇಗ ತಳ್ಳೋರು ಇನ್ನೊಬ್ರಿಲ್ಲ."

ಅದು ನಿಜವೇ ಆಗಿತ್ತು. ಕ್ಯಾಂಟೀನಿನ ಬಾಗಿಲ ಪಕ್ಕದ ಹಲಗೆಯಲ್ಲಿ ಇವರ ತಂಡದ ಫೋಟೋ ಹಾಕಿದ್ದರು, ಇಡೀ ಕಂಪನಿಯಲ್ಲೇ ಚುರುಕಿನ ತಂಡವೆಂದು. ಮಧ್ಯದಲ್ಲಿ ಇವರು, ಅಂಚಿನಲ್ಲಿ ಭಾವ. ಯಾವ ವೇಗಕ್ಕಾಗಿ ಭಾವ ಇವರನ್ನು ಜನ್ಮವಿಡೀ ಬೈದಿದ್ದರೋ ಅದಕ್ಕೇ ಮೆಚ್ಚುಗೆ ಗಿಟ್ಟಿಸಿ, ಏನೂ ತಿಳಿಯದೆ ಹಲ್ಲು ಬಿಟ್ಟುಕೊಂಡು ನಿಂತಿದ್ದರು. ಇವರ ಮುಖದಲ್ಲಿ ಗೆದ್ದ ಕಳೆ ಇತ್ತು. ದಿನಾ ಆ ಫೋಟೋದ ಮುಂದೆ ಹಾದುಹೋಗುವಾಗ ನನಗೆ ಗಂಡನ ಮೇಲೆ ಹೇಸಿಗೆಯಾಗುತ್ತಿತ್ತು, ಬಚ್ಚಿಟ್ಟುಕೊಂಡು ಏನು ಪ್ರಯೋಜನ.

ನಾನು ಮ್ಯಾನೇಜರಿಗೆ ಹೇಳುತ್ತೇನೆಂದು ಹಟ ಹಿಡಿದೆ. ಹೇಳು, ನಾಳೆಯೇ ಭಾವ ಮನೆಯಲ್ಲಿರುತ್ತಾರೆ, ಪಿಂಚಣಿಯೂ ಇಲ್ಲ, ನಿನ್ನ ಅಕ್ಕನಿಗೆ ನೀನೇ ಉತ್ತರ ಕೊಡು ಎಂದರು ಇವರು. ಆಮೇಲೆ ನನ್ನ ಮುಖ ನೋಡಿ ಸ್ವಲ್ಪ ಮೆತ್ತಗಾದರು. ಇದೊಂದು ರಜೆಯ ಸೀಸನ್ ಮುಗಿಯಲಿ, ಅವರನ್ನು ಪೆಟ್ಟಿಗೆ ಕೋಣೆಯ ಕೆಲಸಕ್ಕೆ ಹಾಕಿ ಕಿವಿಯ ಬಟ್ಟಲು ಬೇರೆಯವನಿಗೆ ಕೊಡುತ್ತೇನೆ, ಸಂಬಳಕ್ಕೂ ತೊಂದರೆಯಿಲ್ಲ, ಪಿಂಚಣಿಗೂ ತೊಂದರೆಯಿಲ್ಲ ಎಂದು ಮಾತು ಕೊಟ್ಟರು. ಅಮ್ಮನ ಮೇಲೆ ಆಣೆಯಿಟ್ಟರು. ನಾನು ಆ ದಿನಗಳಲ್ಲಿ ಕೈಯಲ್ಲಿ ಕೆಟಲು, ಕಣ್ಣು ಗಾಜಿನಲ್ಲಿ. ಸುರಿದ ಚಹಾ ಲೋಟ ತುಂಬಿ ಕಟ್ಟೆಯ ಮೇಲೆ ಹರಿಯುತ್ತಿತ್ತು, ಗಿರಾಕಿಗಳು ಬೈಯುತ್ತಿದ್ದರು.

ರಜೆಯ ನೂಕುನುಗ್ಗಲು ಜೋರಾಗಿದ್ದ ಒಂದು ಮಧ್ಯಾಹ್ನ. ನನ್ನ ಗಾಜಿನ ನೇರಕ್ಕೇ ನಿಂತಿದ್ದ ವಿಮಾನ. ಭಾವ ಒಂದು ಸುತ್ತು ಹಾಕಿ, ಕೆಳಗಿನ ಬಾಗಿಲೆಲ್ಲ ಮುಚ್ಚಿದೆಯೆಂದು ಕೈಯಿಂದ ಮುಟ್ಟಿ ನೋಡಿ, ಮೂತಿಯ ಬಳಿ ಹೋಗಿ ವೈರು ಸಿಕ್ಕಿಸಿಕೊಂಡರು. ಎಡಗಡೆಯ ರೆಕ್ಕೆಗೆ ಒಬ್ಬ ನಿಂತ. ಬಲಗಡೆ ಯಾರೂ ಇಲ್ಲ, ಅಲ್ಲಿ ನಿಲ್ಲುವವನ ಕೆಲಸ ಯಾವಾಗಲೋ ತೆಗೆದುಹಾಕಿದ್ದಾಗಿತ್ತು.

ಅಷ್ಟರಲ್ಲಿ ಇವರು ಕಟ್ಟಡದೊಳಗಿಂದ ಓಡಿಬಂದದ್ದು ಕಂಡಿತು. ಪೆಟ್ಟಿಗೆ ಹಾಕಿದ ಪ್ರಯಾಣಿಕನೊಬ್ಬ ವಿಮಾನ ಹತ್ತಿರಲಿಲ್ಲ. ಜನ ಹತ್ತದಿದ್ದರೆ ಅವನ ಪೆಟ್ಟಿಗೆ ಹೋಗುವ ಹಾಗಿಲ್ಲ, ಹುಡುಕಿ ಇಳಿಸಬೇಕು, ಅದು ಕಾನೂನು. ಪೆಟ್ಟಿಗೆ ಹೊರುವವರು ಆಗಲೇ ಪಕ್ಕದ ವಿಮಾನಕ್ಕೆ ಓಡಿದ್ದರು. ಇವರು ಪೆಟ್ಟಿಗೆ ಏರಿಳಿಸುವ ಓರೆ ಪಟ್ಟಿಯ ಗಾಡಿಯನ್ನು ತಾವೇ ಓಡಿಸಿಕೊಂಡು ಬಂದು ಬಲಗಡೆಯ ಹಿಂದಿನ ಬಾಗಿಲಿಗೆ ಹಚ್ಚಿ, ಬಾಗಿಲು ತೆರೆದು, ಒಳಗೆ ತೂರಿಕೊಂಡರು. ತೂರುವ ಮೊದಲು ಕೈಗಡಿಯಾರ ನೋಡಿ ಸೊಂಟದ ರೇಡಿಯೋದಲ್ಲಿ ಕಚೇರಿಯವರಿಗೆ ಏನೋ ಹೇಳಿದರು. ಏನು ಹೇಳಿದರೆಂದು ಆಮೇಲೆ ವಿಚಾರಣೆಯಲ್ಲಿ ಮುದ್ರಿಕೆ ಹಾಕಿ ಎಲ್ಲರಿಗೂ ಕೇಳಿಸಿದರು. ಹೊತ್ತಾಯಿತು, ಬ್ರೇಕ್ ಬಿಡಲು ಪೈಲಟ್ಟಿಗೆ ಹೇಳಿ ಎಂದು ಹೇಳಿದ್ದರು.

ಪೈಲಟ್ ಬ್ರೇಕ್ ಬಿಟ್ಟ. "ಬ್ರೇಕ್ ಬಿಟ್ಟಾಯ್ತು, ತಳ್ಳಬೇಡಿ, ಹಿಂದೆ ಪೆಟ್ಟಿಗೆ ಇಳಿಸ್ತಿದ್ದಾರೆ" ಎಂದು ಸ್ಪಷ್ಟವಾಗಿಯೇ ಹೇಳಿದ. ಭಾವನ ಬಲಗಿವಿಗೆ ಗದ್ದಲವೊಂದು ಬಂತು, ಕಡೆಯ ಮಾತು ಬರಬೇಕಾದ ಜಾಗದಲ್ಲಿ ಬಂತು. ಅವರು ಎಡಗಡೆ ನೋಡಿದರು, ರೆಕ್ಕೆಯವನು ಕೈಯೆತ್ತಿದ್ದ, ಬಲಗಡೆಯ ಗಾಡಿ ಮೂತಿಯ ಮರೆಯಲ್ಲಿತ್ತು. ಟ್ರಾಕ್ಟರಿನವನಿಗೆ ಕೈ ತೋರಿಸಿ, ತಮ್ಮ ಹಳೆಯ ರಾಗದಲ್ಲೇ "ತಳ್ತಿದ್ದೀವಿ" ಎಂದರು.

ನಾನು ಗಾಜನ್ನು ಕೈಯಿಂದ ಬಡಿದೆ. ಆ ಗಾಜು ಎಂಜಿನ್ನಿನ ಸದ್ದನ್ನೇ ತಡೆಯುವಂಥದು, ನನ್ನ ಕೈ ಎಷ್ಟರದು. ವಿಮಾನ ಮೆಲ್ಲಗೆ, ತುಂಬಾ ಮೆಲ್ಲಗೆ ಹಿಂದಕ್ಕೆ ಸರಿಯಿತು. ಇವರು ಪೆಟ್ಟಿಗೆ ಎಳೆದುಕೊಂಡು ಹೊರಗೆ ಬರುತ್ತಿದ್ದರು, ಒಂದು ಕಾಲು ಬಾಗಿಲಲ್ಲಿ, ಇನ್ನೊಂದು ಗಾಡಿಯ ಪಟ್ಟಿಯ ಮೇಲೆ. ನಿಂತ ಗಾಡಿ, ಸರಿಯುವ ಬಾಗಿಲು, ನಡುವೆ ಮನುಷ್ಯ. ಆಮೇಲೆ ಪೈಲಟ್ ಬ್ರೇಕ್ ಹಾಕಿದ್ದು, ವಿಮಾನ ಮೂತಿ ಎತ್ತಿ ತಗ್ಗಿಸಿದ್ದು, ಎಲ್ಲರೂ ಒಂದೇ ಕಡೆ ಓಡಿದ್ದು ಕಂಡಿತು. ಎಲ್ಲರಿಗಿಂತ ಕಡೆಗೆ ಓಡಿದವರು ಭಾವ. ಯಾರ ಕೂಗೂ ಅವರಿಗೆ ಕೇಳಿಸಿರಲಿಲ್ಲ.

ಇವರ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಜೀವ ಉಳಿಯಿತು. ಆಸ್ಪತ್ರೆಯ ಆ ಮೊದಲ ದಿನಗಳ ಬಗ್ಗೆ ಬರೆಯಲು ನನಗೆ ಮನಸ್ಸಿಲ್ಲ.

ಎಚ್ಚರವಾಗಿ, ಮಾತಾಡುವಷ್ಟಾದ ಮೇಲೆ ಕಂಪನಿಯ ವಕೀಲರು ಬಂದು ಇವರ ಹಾಸಿಗೆಯ ಪಕ್ಕ ಕೂತು ಬಹಳ ಹೊತ್ತು ಮಾತಾಡಿ ಹೋದರು. ವಿಷಯ ಸರಳವಾಗಿತ್ತು. ಕಿವುಡುತನ ಮುಚ್ಚಿಟ್ಟು ಕೆಲಸ ಮಾಡಿದವನದೇ ಪೂರ್ತಿ ತಪ್ಪು ಎಂದಾದರೆ ಭಾವನಿಗೆ ಜೈಲು, ಪಿಂಚಣಿ ಇಲ್ಲ, ಇವರಿಗೆ ಪರಿಹಾರ, ಹೊಸ ಕಾಲು, ಕೂತು ಮಾಡುವ ಕೆಲಸ. ಮೇಲ್ವಿಚಾರಕನಿಗೆ ಗೊತ್ತಿತ್ತು ಎಂದಾದರೆ ತಪ್ಪು ಇವರದು, ಇವರ ಮೂಲಕ ಕಂಪನಿಯದೂ ಕೂಡ. ಆಗ ಇವರಿಗೆ ಏನೂ ಇಲ್ಲ, ಕೇಸು ಬೇರೆ.

ವಕೀಲರು ಹೋದ ಮೇಲೆ ಇವರು ನನ್ನ ಮಣಿಕಟ್ಟು ಹಿಡಿದರು. ಅಷ್ಟು ಸೊರಗಿದ್ದರೂ ಹಿಡಿತ ಬಿಗಿಯಾಗಿತ್ತು. "ನಿನ್ನ ಕೇಳ್ತಾರೆ, ನೀನು ಗಾಜಿನಿಂದ ನೋಡಿದೀಯ. ನೋಡಿದ್ದಷ್ಟೇ ಹೇಳು. ಕಿವಿ ವಿಷಯ ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ತಿಳೀತಾ?" ನಾನು ದಿಂಬು ಸರಿಮಾಡಿದೆ. ಇವರ ಕಣ್ಣಲ್ಲಿ ಅಂಥ ಹೆದರಿಕೆಯನ್ನು ನಾನು ಎಂದೂ ಕಂಡಿರಲಿಲ್ಲ.

ಭಾವ ತಮ್ಮ ಹೇಳಿಕೆ ಕೊಟ್ಟಾಗಿತ್ತು. ತಪ್ಪೆಲ್ಲ ನನ್ನದು, ಕಿವಿಯ ವಿಷಯ ಯಾರಿಗೂ ಹೇಳಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ ಎಂದು ಬರೆಸಿದ್ದರು. ಅವರು ಅದನ್ನು ನಿಜವೆಂದೇ ನಂಬಿದ್ದರು. ಷಡ್ಡಕನ ಕಾಲು ನಾನು ತೆಗೆದೆ ಎಂದು ಅನ್ನ ಬಿಟ್ಟು ಕೂತಿದ್ದಾರೆಂದು ಅಮ್ಮ ಹೇಳಿದಳು. ಅಕ್ಕ ಆಸ್ಪತ್ರೆಗೆ ಬರುತ್ತಿದ್ದಳು, ನನ್ನ ಪಕ್ಕ ಕೂರುತ್ತಿದ್ದಳು. ಗಂಡನಿಗೆ ನಾನು ಹೇಳಿದ್ದೆನೋ ಇಲ್ಲವೋ ಎಂದು ಅವಳು ಕೇಳಲೇ ಇಲ್ಲ.

ವಿಚಾರಣೆಯ ಕೋಣೆ ಕ್ಯಾಂಟೀನಿನ ಮೇಲಿನ ಮಹಡಿಯಲ್ಲಿತ್ತು. ಉದ್ದ ಮೇಜು, ನೀರಿನ ಲೋಟಗಳು, ಕೊನೆಯಲ್ಲಿ ಕನ್ನಡಕದ ಅಧಿಕಾರಿಣಿ, ಪಕ್ಕದಲ್ಲಿ ಬರೆದುಕೊಳ್ಳುವವನು, ಆಚೆ ಕಂಪನಿಯ ವಕೀಲರು. ಹೊರಗಿನ ಬೆಂಚಿನ ಮೇಲೆ ಅಕ್ಕ ಭಾವ ಇಬ್ಬರೂ ಕೂತಿದ್ದರು. ಭಾವ ನೀಲಿಯೂ ಅಲ್ಲ ಹಳದಿಯೂ ಅಲ್ಲ, ಯಾವುದೋ ಬಿಳಿ ಅಂಗಿ ಹಾಕಿಕೊಂಡು ಮುದುಕರಾಗಿಹೋಗಿದ್ದರು.

ನೋಡಿದ್ದನ್ನೆಲ್ಲ ಹೇಳಿದೆ. ಗಾಡಿ ಎಲ್ಲಿತ್ತು, ರೆಕ್ಕೆಯವನು ಎಲ್ಲಿದ್ದ, ಯಾರು ಕೈಯೆತ್ತಿದರು. ಅಧಿಕಾರಿಣಿ ಕನ್ನಡಕ ತೆಗೆದು, ಮೂತಿಯ ಬಳಿ ಇದ್ದ ನೌಕರನಿಗೆ ಕಿವಿ ಕೇಳಿಸುವುದಿಲ್ಲ ಎಂಬುದು ನಿಮಗೆ ಗೊತ್ತಿತ್ತೇ ಎಂದು ಕೇಳಿದರು. ವಕೀಲರು ನನ್ನನ್ನೇ ನೋಡುತ್ತಿದ್ದರು. ನನಗೆ ಆಸ್ಪತ್ರೆಯ ಹೊದಿಕೆ ಕಣ್ಣಿಗೆ ಬಂತು, ಒಂದು ಕಡೆ ಎತ್ತರ, ಇನ್ನೊಂದು ಕಡೆ ಚಪ್ಪಟೆ. ನೀರು ಕುಡಿದೆ.

"ಗೊತ್ತಿತ್ತು" ಅಂದೆ. "ನಮ್ಮ ಯಜಮಾನರಿಗೂ ಗೊತ್ತಿತ್ತು. ನಾನೇ ಹೇಳ್ದೆ. ಹೇಳೋಕ್ಮುಂಚೇನೇ ಅವರಿಗೆ ಗೊತ್ತಿತ್ತು. ಕೇಳಿಸಲ್ಲ ಅಂತಾನೇ ಅವರನ್ನ ಅಲ್ಲಿ ಇಟ್ಕೊಂಡಿದ್ರು, ಬೇಗ ಆಗುತ್ತೆ ಅಂತ."

ವಕೀಲರು ಏನೋ ಹೇಳಲು ಎದ್ದರು. ಅಧಿಕಾರಿಣಿ ಅವರನ್ನು ಕೈಸನ್ನೆಯಲ್ಲೇ ಕೂರಿಸಿ, ಈ ಹೇಳಿಕೆಯಿಂದ ನಿಮ್ಮ ಮನೆಗೆ ಏನಾಗುತ್ತದೆ ಎಂದು ತಿಳಿದೇ ಹೇಳುತ್ತಿದ್ದೀರಾ ಎಂದು ಕೇಳಿದರು. ತಿಳಿದೇ ಹೇಳುತ್ತಿದ್ದೇನೆ, ಬರೆದುಕೊಳ್ಳಿ ಎಂದೆ. ಬರೆದುಕೊಂಡದ್ದನ್ನು ಓದಿ ಹೇಳಿದರು, ರುಜು ಹಾಕಿದೆ.

ಹೊರಗೆ ಬಂದಾಗ ಭಾವ ಎದ್ದು ನಿಂತರು. ನಾನು ಅವರ ಎದುರಿಗೆ ಹೋಗಿ ನಿಂತು, ತುಟಿ ಕಾಣುವ ಹಾಗೆ, ಬಿಡಿಬಿಡಿಯಾಗಿ ಹೇಳಿದೆ. ಇವರಿಗೆ ಮೊದಲೇ ಗೊತ್ತಿತ್ತು ಎಂದೆ. ಅದನ್ನು ಒಳಗೆ ಬರೆಸಿದೆ ಎಂದೆ. ಭಾವ ನನ್ನ ಬಾಯನ್ನೇ ನೋಡುತ್ತಿದ್ದರು. ಆಮೇಲೆ ಬೆಂಚಿನ ಮೇಲೆ ಕೂತು ಮುಖ ಮುಚ್ಚಿಕೊಂಡರು. ಸಮಾಧಾನವೋ, ಇನ್ನಷ್ಟು ದುಃಖವೋ ನನಗೆ ತಿಳಿಯಲಿಲ್ಲ.

ಅಕ್ಕ ನನ್ನ ಎರಡೂ ತೋಳು ಹಿಡಿದು ಅಲ್ಲಾಡಿಸಿದಳು. "ನಿನ್ನ ಮನೆ ಏನಾಗುತ್ತೇ?" ಎಂದಳು. ಅವಳ ಕೈ ಬಿಡಿಸಿಕೊಂಡು ಕೆಳಗಿಳಿದೆ. ಆಸ್ಪತ್ರೆಯಲ್ಲಿ ಇವರ ಊಟದ ಹೊತ್ತಾಗಿತ್ತು, ಬೇರೆ ಯಾರು ಉಣ್ಣಿಸಿದರೂ ಇವರು ಬಾಯಿ ತೆರೆಯುತ್ತಿರಲಿಲ್ಲ.